ವಿಮಾನಕ್ಕೆ 17 ಗಂಟೆ, ಮನೆ ಬಾಗಿಲಿಗೆ ಎಷ್ಟು?

ಇವತ್ತು ಒಂದು ಲೆಕ್ಕ ಮಾಡೋಣ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ದೂರ? ಫೋನ್‌ನಲ್ಲಿ ಹುಡುಕಿದರೆ ತಕ್ಷಣ ಉತ್ತರ ಬರುತ್ತೆ: ಸುಮಾರು 14,000 ಕಿಲೋಮೀಟರ್, ನೇರ ವಿಮಾನದಲ್ಲಿ 17 ಗಂಟೆ ಚಿಲ್ಲರೆ. ಆದರೆ ಅಲ್ಲಿರೋ ಮಗನಿಗೋ ಮಗಳಿಗೋ ‘ಅಪ್ಪ ಐಸಿಯುನಲ್ಲಿದ್ದಾರೆ, ಬೇಗ ಬಾ’ ಅಂತ ಫೋನ್ ಬಂದಾಗ ಬೇಕಾಗೋದು ಬೇರೆ ಉತ್ತರ.

ಮೊದಲು ದೂರದ ವಿಷಯ. ಒಂದು ಗ್ಲೋಬ್ ತಗೊಂಡು ಎರಡೂ ಊರಿನ ನಡುವೆ ದಾರವನ್ನ ಬಿಗಿಯಾಗಿ ಹಿಡೀರಿ. ಅದು ಅಲಾಸ್ಕ, ಸೈಬೀರಿಯಾ ಮೇಲೆ ಹಾದು ಬರುತ್ತೆ. ಅದೇ ಹತ್ತಿರದ ದಾರಿ. ಆದರೆ ವಿಮಾನ ದಾರದ ಮೇಲೇ ಹೋಗಲ್ಲ. ಗಾಳಿ ಹೇಗಿದೆ, ಯಾವ ದೇಶದ ಆಕಾಶ ತೆರೆದಿದೆ ಅಂತ ನೋಡಿ ದಾರಿ ಬದಲಾಗುತ್ತೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂತು. 9ರ ರಾತ್ರಿ ಅಲ್ಲಿಂದ ಹೊರಟಿದ್ದು ಇಲ್ಲಿ ಇಳಿದಿದ್ದು 11ರ ನಸುಕಿಗೆ.

17 ಗಂಟೆಯ ಪ್ರಯಾಣಕ್ಕೆ ಕ್ಯಾಲೆಂಡರ್‌ನಲ್ಲಿ ಎರಡು ದಿನ ಯಾಕೆ? ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತೆ. ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡೋದರಿಂದ ಹನ್ನೆರಡೂವರೆ.

ಈಗ ನಿಜವಾದ ಲೆಕ್ಕ. ಮನೆ ಹುಬ್ಬಳ್ಳಿ ಅಂದುಕೊಳ್ಳಿ. ಚಳಿಗಾಲದ ಒಂದು ಮಂಗಳವಾರ ರಾತ್ರಿ ಹತ್ತೂವರೆಗೆ ಅಮ್ಮ ಫೋನ್ ಮಾಡ್ತಾರೆ. ಅಲ್ಲಿ ಮಂಗಳವಾರ ಬೆಳಗ್ಗೆ ಒಂಬತ್ತು. ಅದೇ ರಾತ್ರಿ ಎಂಟೂವರೆಗೆ ನೇರ ವಿಮಾನದಲ್ಲಿ ಸೀಟು ಸಿಕ್ಕಿತು ಅಂತಾನೇ ಇಟ್ಕೊಳ್ಳೋಣ. ದೇವನಹಳ್ಳಿಯಲ್ಲಿ ಇಳಿಯೋದು ಗುರುವಾರ ನಸುಕು ಮೂರೂಮುಕ್ಕಾಲಿಗೆ. ಇಮಿಗ್ರೇಷನ್, ಬ್ಯಾಗು ಮುಗಿಸಿ ಹೊರಗೆ ಬಂದಾಗ ಐದು. ಅಲ್ಲಿಂದ ಕಾರಲ್ಲಿ 400 ಕಿಲೋಮೀಟರ್‌ಗೂ ಹೆಚ್ಚು. ಆಸ್ಪತ್ರೆ ಬಾಗಿಲು ಕಾಣೋದು ಮಧ್ಯಾಹ್ನ ಒಂದರ ಹೊತ್ತಿಗೆ. ಫೋನ್ ಬಂದಾಗಿಂದ ಮೂವತ್ತೆಂಟೂವರೆ ಗಂಟೆ. ಇದು ಎಲ್ಲಾ ಸರಿಹೋದರೆ ಮಾತ್ರ! ದುಬೈನಲ್ಲಿ ವಿಮಾನ ಬದಲಿಸಬೇಕಾದರೆ ಹಾರಾಟವೇ ಹತ್ತಿರಹತ್ತಿರ 20 ಗಂಟೆ, ಅಲ್ಲಿ ಕಾಯೋದು ಬೇರೆ.

ಈ ಅಂತರದಲ್ಲೇ ಮನೆಯವರಿಗೆ ಕಷ್ಟದ ನಿರ್ಧಾರಗಳು ಎದುರಾಗೋದು. ಆಪರೇಷನ್‌ಗೆ ಸಹಿ ಹಾಕೋದು ಯಾರು? ಕೈಮೀರಿ ಹೋದರೆ ಅಂತ್ಯಕ್ರಿಯೆಗೆ ಕಾಯಬೇಕಾ? ‘ಹದಿನೇಳು ಗಂಟೇಲಿ ಬರ್ತೀನಿ’ ಅಂತ ಹೇಳಿಬಿಟ್ಟರೆ ಅವರು ಅದನ್ನೇ ನಂಬಿ ಕೂರ್ತಾರೆ.

ಅದಕ್ಕೇ ನಾನು ಹೇಳೋದು: ಗಂಟೆ ಹೇಳಬೇಡಿ, ವಾರ ಮತ್ತು ಭಾರತದ ಸಮಯ ಹೇಳಿ. ‘ಗುರುವಾರ ಮಧ್ಯಾಹ್ನ ಒಂದಕ್ಕೆ ಆಸ್ಪತ್ರೇಲಿರ್ತೀನಿ.’ ಈ ಲೆಕ್ಕವನ್ನ ಅಪ್ಪ ಅಮ್ಮ ಆರಾಮಾಗಿರುವಾಗಲೇ ಅವರ ಜೊತೆ ಕೂತು ಮಾಡಿ. ನೀವು ಬರೋವರೆಗೆ ಓಡಾಡೋರು ಯಾರು ಅಂತ ಒಂದು ಹೆಸರು, ಒಂದು ನಂಬರು ಬರೆದಿಡಿ.

ವಿದೇಶದಲ್ಲಿರೋ ಸ್ನೇಹಿತರಿಗೆ ಇದನ್ನ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.