ಬೆಟ್ಟದ ಸೀಮೆಯಲ್ಲಿ ಒಂಟಿ ಸವಾರಿ

ದೇಶಸಂಚಾರವನ್ನು ಹೊಗಳುವವರು ಸಾಮಾನ್ಯವಾಗಿ ದೂರದ ಊರುಗಳ ಹೆಸರನ್ನೇ ಹೇಳುವುದು ವಾಡಿಕೆ. ಇಂದು ನಾವು ಶ್ರೋತೃಗಳನ್ನು ಅಷ್ಟು ದೂರ ಕರೆದೊಯ್ಯುವುದಿಲ್ಲ. ಮೈಸೂರಿನಿಂದ ಮಡಿಕೇರಿಯ ದಾರಿ ಹಿಡಿದು, ಹುಣಸೂರನ್ನು ದಾಟಿ, ಪಿರಿಯಾಪಟ್ಟಣದ ಸೀಮೆಯಲ್ಲಿ ಹೆದ್ದಾರಿಯನ್ನು ಬಿಟ್ಟು ಬೆಟ್ಟದಪುರದ ಕಡೆಗೆ ತಿರುಗಿದರೆ ಸಾಕು. ಒಂದು ದಿನದ ರಜ, ಒಂದು ಸಣ್ಣ ಮೋಟಾರು ಸೈಕಲ್ಲು, ಒಂದಿಷ್ಟು ಬುತ್ತಿ, ನೀರು: ಇಷ್ಟೇ ಸಾಮಗ್ರಿ. ಸಂಗಡಿಗರು ಬೇಡ.

ಮೈಸೂರಿನವರಿಗೆ ಮೋಟಾರು ಸೈಕಲ್ಲು ಅಪರಿಚಿತ ವಸ್ತುವಲ್ಲ. ಚೆಕೊಸ್ಲೊವಾಕಿಯ ದೇಶದ ಜಾವಾ ವಾಹನಗಳನ್ನು ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿಯೇ 1960ರ ದಶಕದ ಆರಂಭದಿಂದ ತಯಾರಿಸುತ್ತಿದ್ದರು. 1973ರಿಂದ ಅವಕ್ಕೆ ಯೆಜ್ದಿ ಎಂಬ ಹೆಸರಾಯಿತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಅವು ಬಹುಮಟ್ಟಿಗೆ 250 ಸಿ.ಸಿ.ಯ ಗಂಭೀರ ವಾಹನಗಳು. ನಮ್ಮದು ಅಂಥದಲ್ಲ. 100 ಸಿ.ಸಿ.ಯ ಎಂಜಿನು, ಸುಮಾರು 8 ಕುದುರೆಗಳ ಶಕ್ತಿ, ನೂರು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚಿನ ತೂಕ. ಸ್ನೇಹಿತರು ಇದನ್ನು ಕಂಡು ನಗುವುದುಂಟು. ಆದರೆ ಹಳ್ಳಿಯ ದಾರಿಗೆ ಇದೇ ಯೋಗ್ಯವೆಂಬುದು ನಮ್ಮ ಅನುಭವ. ಕೆಸರಿನಲ್ಲಿ ಹೂತರೆ ಒಬ್ಬನೇ ಎಳೆದು ತೆಗೆಯಬಹುದು; ಮುಂದೆ ದಾರಿಯಿಲ್ಲವೆಂದಾದರೆ ನಿಂತಲ್ಲಿಯೇ ತಿರುಗಿಸಬಹುದು; ಮಾತನಾಡಿಸಬೇಕೆನಿಸಿದವರ ಪಕ್ಕದಲ್ಲಿ ನಿಲ್ಲಿಸಬಹುದು. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿಗೆ ಹಾಕಿ ಎಂಜಿನಿನಿಂದಲೇ ವೇಗವನ್ನು ತಡೆಯಬೇಕು. ಹಳೆಯ ಜಾವಾದವರಿಗೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕಾಗಿದ್ದಿತು. ಅವುಗಳಲ್ಲಿ ಎಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಎಂಜಿನಿಗೆ ಸೇರುತ್ತಿದ್ದುದರಿಂದ, ಉದ್ದನೆಯ ಇಳಿಜಾರಿನಲ್ಲಿ ಪೆಟ್ರೋಲನ್ನು ಪೂರ್ತಿ ತಡೆದರೆ ಎಣ್ಣೆಯೂ ನಿಂತು ಯಂತ್ರ ಬಿಸಿಯೇರುತ್ತಿದ್ದಿತು.

ಪಿರಿಯಾಪಟ್ಟಣ ಚಂಗಾಳ್ವರ ರಾಜಧಾನಿಯಾಗಿದ್ದ ಊರು. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಆಳಿಕೆಯಲ್ಲಿ ಇದು ಮೈಸೂರಿಗೆ ಸೇರಿತು. ಊರನ್ನು ಬಿಟ್ಟು ಸ್ವಲ್ಪ ದೂರ ಹೋದರೆ ಕೆಂಪು ಮಣ್ಣಿನ ಹೊಲಗಳು, ಅವುಗಳ ನಡುವೆ ಎತ್ತರವಾದ ಗೋಡೆಗಳ, ಕಿಟಕಿಯಿಲ್ಲದ ಕಟ್ಟಡಗಳು ಕಾಣುತ್ತವೆ. ಹೊಸಬರು ಗೋದಾಮುಗಳೆಂದು ಭ್ರಮಿಸಬಹುದು. ಅವು ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು. ದೂರದಲ್ಲಿ ಬೆಟ್ಟದಪುರದ ಬೆಟ್ಟ ಶಂಖುವಿನಂತೆ ಒಂಟಿಯಾಗಿ ಎದ್ದು ನಿಂತಿದೆ. ಅದರ ಎತ್ತರ ಸಮುದ್ರಮಟ್ಟದಿಂದ 4,000 ಅಡಿಗೂ ಮಿಕ್ಕದ್ದು. ಶಿಖರದಲ್ಲಿರುವ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದು ಹೆಸರು. ಆ ಹೆಸರಿನ ಅರ್ಥ ತಿಳಿಯಬೇಕಾದರೆ ಮುಂಗಾರಿನ ಮೊದಲ ಮೋಡಗಳು ಆ ಶಿಖರವನ್ನು ಕವಿಯುವುದನ್ನು ಒಮ್ಮೆ ನೋಡಬೇಕು. ಮೇಲಕ್ಕೆ ಹೋಗುವ ದಾರಿ ಕಲ್ಲಿನ ಮೆಟ್ಟಿಲುಗಳದು. ಅಲ್ಲಿ 100 ಸಿ.ಸಿ.ಯೂ ಒಂದೇ, 250 ಸಿ.ಸಿ.ಯೂ ಒಂದೇ, ಎಲ್ಲರೂ ಕಾಲುನಡಿಗೆಯವರೇ.

ಒಂದು ಡಿಸೆಂಬರಿನಲ್ಲಿ ಬೆಟ್ಟವನ್ನು ಹತ್ತಿಳಿದು, ಬಂದ ದಾರಿಯಲ್ಲಿಯೇ ಹಿಂದಿರುಗಲು ಮನಸ್ಸಿಲ್ಲದೆ, ಹೊಲಗಳ ನಡುವಿನ ಒಂದು ಕಿರುದಾರಿಯನ್ನು ಹಿಡಿದಿದ್ದೆವು. ಡಾಮರು ಹೊಸದು, ಆಳಿಲ್ಲ, ವಾಹನವಿಲ್ಲ. ಒಂದು ತಿರುವನ್ನು ದಾಟಿದೊಡನೆ ದಾರಿಯುದ್ದಕ್ಕೂ ಮೊಳಕಾಲೆತ್ತರ ಹುರುಳಿಯ ಸೊಪ್ಪನ್ನು ಹಾಸಿದ್ದುದು ಕಣ್ಣಿಗೆ ಬಿದ್ದಿತು. ನಿಲ್ಲಿಸುವಷ್ಟರಲ್ಲಿ ಅದರೊಳಗೆ ನುಗ್ಗಿದ್ದೆವು. ಒಣಗಿದ ಬಳ್ಳಿಗಳು ಹಿಂದಿನ ಚಕ್ರಕ್ಕೂ ಸರಪಣಿಗೂ ಸುತ್ತಿಕೊಂಡು ಚಕ್ರ ಬಿಗಿದು ನಿಂತಿತು, ವಾಹನ ಅಡ್ಡಬಿದ್ದಿತು. ಮೊಣಕಾಲು ತರಚಿದುದನ್ನು ಬಿಟ್ಟರೆ ಹೆಚ್ಚಿನ ಅಪಾಯವಾಗಲಿಲ್ಲ. ಅಪಾಯವಾಗದಿದ್ದಾಗ ಮನುಷ್ಯನಿಗೆ ಮೊದಲು ಬರುವುದು ಕೋಪ. ಸಾರ್ವಜನಿಕ ರಸ್ತೆಯ ಮೇಲೆ ಒಕ್ಕಣೆ ಮಾಡುವ ಹಕ್ಕು ಇವರಿಗೆ ಯಾರು ಕೊಟ್ಟರು ಎಂದು ಒಂದು ಸಣ್ಣ ಉಪನ್ಯಾಸವನ್ನು ಮನಸ್ಸಿನಲ್ಲಿಯೇ ಸಿದ್ಧಪಡಿಸಿಕೊಂಡು ಬಳ್ಳಿಗಳನ್ನು ಜಗ್ಗತೊಡಗಿದೆವು.

ಅಷ್ಟರಲ್ಲಿ ಬದುವಿನ ಮರದಡಿಯಿಂದ ಒಬ್ಬ ವೃದ್ಧೆ ಕುಡುಗೋಲು ಹಿಡಿದು ಬಂದರು. "ಎಳೀಬ್ಯಾಡಿ ಸ್ವಾಮಿ, ಎಳುದ್ರೆ ಇನ್ನೂ ಬಿಗೀತದೆ. ಚಕ್ರವ ಹಿಂದುಕ್ಕೆ ತಿರುಗ್ಸಿ" ಎಂದರು. ನಾವು ಹಿಂದಕ್ಕೆ ಉರುಳಿಸಿದಂತೆಲ್ಲ ಆಕೆ ಬಳ್ಳಿಯನ್ನು ಕೊಯ್ದು ಬಿಡಿಸಿದರು. ಬಿಸಿಯಾದ ಹೊಗೆಕೊಳವೆಯ ಮೇಲೆ ಬಿದ್ದಿದ್ದ ಹೊಟ್ಟನ್ನು ಮೊದಲು ಒರೆಸಿದವರೂ ಆಕೆಯೇ. ಒಣಹುಲ್ಲಿಗೆ ಕಿಡಿ ಸೋಂಕಿದರೆ ಏನಾಗುವುದೆಂಬುದು ನಮಗಿಂತ ಆಕೆಗೆ ಚೆನ್ನಾಗಿ ಗೊತ್ತಿದ್ದಿತು.

ಕೆಲಸ ಮುಗಿದ ಮೇಲೆ, ಉಪನ್ಯಾಸವನ್ನು ಪ್ರಶ್ನೆಯಾಗಿ ಮೆದುಗೊಳಿಸಿ, "ಊರಲ್ಲಿ ಕಣವಿಲ್ಲವೇ ಅವ್ವ?" ಎಂದು ಕೇಳಿದೆವು. "ಕಣ ಮಾಡಕ್ಕೆ ಎತ್ತು ಬೇಕು, ಆಳು ಬೇಕು ಸ್ವಾಮಿ. ಇರೋದು ನಾವಿಬ್ರು ಮುದುಕ್ರು. ಮಕ್ಕಳೆಲ್ಲ ನಿಮ್ಮ ಮೈಸೂರಲ್ಲೇ ಅವ್ರೆ" ಎಂದರು. ಅದರಲ್ಲಿ ದೂರಿರಲಿಲ್ಲ, ವಿಷಯವನ್ನು ತಿಳಿಸಿದರು, ಅಷ್ಟೆ.

ಕಣವೆಂದರೆ ಏನೆಂಬುದನ್ನು ಪಟ್ಟಣದ ಶ್ರೋತೃಗಳು ಮರೆತಿರಬಹುದು. ನೆಲವನ್ನು ಕೆತ್ತಿ, ಮಟ್ಟಮಾಡಿ, ಬಡಿದು, ಸೆಗಣಿ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳಿಂದ ತುಳಿಸಿ ಅಥವಾ ರೋಣಗಲ್ಲನ್ನು ಎಳೆಯಿಸಿ ಕಾಳು ಬಿಡಿಸುವ ಜಾಗ ಅದು. ಅದಕ್ಕೆ ಹಲವು ಕೈಗಳು ಬೇಕು. ಆ ಕೈಗಳೆಲ್ಲ ನಾವು ಅಂದು ಸವಾರಿ ಮಾಡಿದ ದಾರಿಯನ್ನೇ ಹಿಡಿದು ಪಟ್ಟಣ ಸೇರಿದುವು; ಉಳಿದ ಮುದುಕರಿಗೆ ಆ ದಾರಿಯೇ ಕಣವಾಯಿತು, ಹೋಗಿಬರುವವರ ಚಕ್ರಗಳೇ ರೋಣಗಲ್ಲಾದುವು. ನಾವು ಕೋಪಗೊಂಡುದು ಯಾರ ಮೇಲೆ? ಆಕೆಯ ಮಕ್ಕಳನ್ನು ಕೆಲಸಕ್ಕೆ ಕರೆದುಕೊಂಡ ಊರು ನಮ್ಮದೇ.

ಹೀಗೆಂದು ರಸ್ತೆಯ ಮೇಲಿನ ಒಕ್ಕಣೆ ಸರಿಯೆಂದು ನಾವು ವಾದಿಸುತ್ತಿಲ್ಲ. ಅದರಿಂದ ಸವಾರರು ಜಾರಿ ಬಿದ್ದು ಪೆಟ್ಟು ತಿಂದಿರುವುದುಂಟು. ತಳಕ್ಕೆ ಸಿಕ್ಕಿದ ಸೊಪ್ಪು ಹೊತ್ತಿ ಕಾರುಗಳು ಸುಟ್ಟಿರುವುದೂ ಉಂಟು. ಕತ್ತಲಾದ ಮೇಲೆ ಅದು ಸಾಕ್ಷಾತ್ ಬಲೆಯೇ. ಊರೂರಿಗೂ ಗಟ್ಟಿನೆಲದ ಸಾರ್ವಜನಿಕ ಕಣಗಳಾಗಬೇಕು. ಆದರೆ ಪರಿಹಾರವನ್ನು ಯೋಚಿಸುವವರು ಕಾರಣವನ್ನು ಮರೆಯಬಾರದು. ಆಕೆಗೆ ದಂಡ ಹಾಕುವುದು ಸುಲಭ. ದಂಡವು ಎತ್ತನ್ನಾಗಲಿ ಆಳನ್ನಾಗಲಿ ತಂದುಕೊಡುವುದಿಲ್ಲ.

ಈ ಸೀಮೆಯಲ್ಲಿ ಒಂಟಿಯಾಗಿ ಹೊರಡುವವರಿಗೆ ನಮ್ಮ ಬುದ್ಧಿವಾದ ಮೂರೇ ಮಾತು. ಹೊರಡುವ ಮುನ್ನ ಯಾವ ದಾರಿಯಲ್ಲಿ ಹೋಗುವಿರೆಂಬುದನ್ನು ಮನೆಯಲ್ಲಿ ಹೇಳಿರಿ. ಕಾಡಂಚಿನ ದಾರಿಗಳನ್ನು ಸೂರ್ಯ ಮುಳುಗುವ ಮುನ್ನವೇ ಬಿಟ್ಟುಬಿಡಿರಿ; ಆ ಹೊತ್ತಿನ ಮೇಲೆ ಅವು ಆನೆಗಳವು. ಸುಗ್ಗಿಯ ಕಾಲದಲ್ಲಿ ತಿರುವುಗಳನ್ನು ನಡಿಗೆಯ ವೇಗದಲ್ಲಿ ದಾಟಿರಿ. ಹುರುಳಿ ಹಾಸಿದ್ದರೆ ಇಳಿದು, ಅಂಚಿನಲ್ಲಿ ತಳ್ಳಿಕೊಂಡು ಹೋಗಿರಿ. ಸಣ್ಣ ಮೋಟಾರು ಸೈಕಲ್ಲಿಗೆ ಅದು ಕಷ್ಟವಲ್ಲ.

ಒಂಟಿ ಸವಾರನೆಂದರೆ ಯಾರ ಹಂಗೂ ಇಲ್ಲದವನೆಂದು ನಾವು ಮೊದಲು ತಿಳಿದಿದ್ದೆವು. ಹಾಗಲ್ಲ. ಜೊತೆಗಾರರಿದ್ದವನು ಅವರನ್ನು ನೆಚ್ಚುತ್ತಾನೆ. ಒಂಟಿಯಾದವನು ದಾರಿಯ ಜನರನ್ನೆಲ್ಲ ನೆಚ್ಚಬೇಕಾಗುತ್ತದೆ. ಆ ಸಂಜೆ ಆಕೆ ನೀರು ಕೊಟ್ಟು ಕಳುಹಿಸಿದರು. ನಾವು ತಳ್ಳಿಕೊಂಡು ಹೊರಟಾಗ, ಚದುರಿದ್ದ ಹುರುಳಿಯನ್ನು ಮತ್ತೆ ದಾರಿಗೆ ಹರಡುತ್ತಿದ್ದರು. ಮುಂದೆ ಬರುವ ಚಕ್ರಗಳಿಗಾಗಿ.