ಒಂಟಿ ಮಿಡತೆ, ದಂಡಿನ ಮಿಡತೆ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಸುಗ್ಗಿಗೆ ಮುನ್ನ ಐದನೆಯ ತರಗತಿಯ ಹುಡುಗನೊಬ್ಬನು ನಮ್ಮೀ ಜತ್ತ ಭಾಗದ ಜೋಳದ ಹೊಲದಲ್ಲಿ ಹಿಡಿದ ಹಸುರು ಮಿಡತೆಯೊಂದನ್ನು ತಂದು, "ಗುರುಗಳೇ, ಈ ಮಿಡಚಿ ನಮ್ಮ ಹೊಲಾ ತಿಂತೈತೇನ್ರೀ?" ಎಂದು ಕೇಳಿದನು. "ಮಿಡಚಿಯಲ್ಲ, ಮಿಡತೆ ಎನ್ನು" ಎಂದು ತಿದ್ದಿದೆವು. ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. ಆ ಸಾಲವನ್ನು ಇಂದು ತೀರಿಸಬಯಸುತ್ತೇವೆ.

ಮೋಟು ಮೀಸೆಯ ಮಿಡತೆಗಳ ಬಳಗವು ಬಹು ದೊಡ್ಡದು. ಅವುಗಳಲ್ಲಿ ಹೆಚ್ಚಿನವು ಹುಲ್ಲು ಮೇಯ್ದು ಒಂಟಿಯಾಗಿ ಬಾಳುವಂಥವು. ದಂಡು ಕಟ್ಟುವವು ಕೆಲವೇ ಜಾತಿಗಳು. ಅವುಗಳಲ್ಲಿ ಮರುಭೂಮಿಯ ಮಿಡತೆಯು ಅತ್ಯಂತ ಭಯಂಕರವಾದುದು. ಒಂಟಿಯಾಗಿರುವುದೂ ದಂಡಿನಲ್ಲಿರುವುದೂ ಒಂದೇ ಜಾತಿಯ ಎರಡು ಅವಸ್ಥೆಗಳಾಗಬಲ್ಲವೆಂದು 1921ರಲ್ಲಿ ಯೂವರೋವ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ಮಳೆಯಿಂದ ಸಂತತಿ ಹೆಚ್ಚಿ, ಬಳಿಕ ಹಸುರು ಒಣಗಿ, ಉಳಿದ ಗಿಡಗಳ ಮೇಲೆ ಅವು ಒತ್ತೊತ್ತಾಗಿ ಸೇರುತ್ತವೆ. ಆಗ ಹಿಂಗಾಲುಗಳಿಗೆ ಪದೇ ಪದೇ ತಗಲುವ ಸ್ಪರ್ಶದಿಂದಲೇ ಕೆಲವು ಗಂಟೆಗಳಲ್ಲಿ ಅವುಗಳ ನಡತೆ ಬದಲಾಗುತ್ತದೆ. ಕ್ರಮೇಣ ಬಣ್ಣವೂ ಬದಲಾಗುತ್ತದೆ. ಒಂದು ಚದರ ಕಿಲೋಮೀಟರಿನ ದಂಡು ಒಂದು ದಿನದಲ್ಲಿ ಸುಮಾರು 35,000 ಜನರ ಆಹಾರದಷ್ಟನ್ನು ತಿನ್ನಬಲ್ಲದು.

2018ರಲ್ಲಿ ಎರಡು ಚಂಡಮಾರುತಗಳು ಅರಬಸ್ಥಾನದ ಮರುಭೂಮಿಯನ್ನು ತೋಯಿಸಿದುದರ ಫಲವನ್ನು 2020ರಲ್ಲಿ ರಾಜಸ್ಥಾನದ ರೈತರು ಉಣ್ಣಬೇಕಾಯಿತು. ಆ ವರ್ಷ ದಂಡುಗಳು ನಮ್ಮ ಮಹಾರಾಷ್ಟ್ರದ ವಿದರ್ಭದವರೆಗೂ ಬಂದವು. ರೆಕ್ಕೆ ಬಲಿಯದ ಮರಿಗಳಿರುವಾಗಲೇ ಕಂಡುಹಿಡಿದು ಔಷಧ ಸಿಂಪಡಿಸುವುದು ಮೇಲಾದ ಉಪಾಯ. ಹಾರತೊಡಗಿದ ಮೇಲೆ ತಟ್ಟೆ ಬಾರಿಸಿದರೆ ಅವು ನೆರೆಯವನ ಹೊಲಕ್ಕೆ ಹೋಗುತ್ತವೆ, ಅಷ್ಟೇ!

ಹುಡುಗನು ತಂದ ಮಿಡತೆ ಒಂಟಿಯದು. ಒಂದೆರಡು ಎಲೆ ಕಡಿದೀತು, ಹೊಲವನ್ನು ತಿನ್ನಲಾರದು.

ಇನ್ನು ಅವನಾಡಿದ ಪದದ ವಿಚಾರ. ಛಾಂದೋಗ್ಯೋಪನಿಷತ್ತಿನಲ್ಲಿ, ಕುರುದೇಶದ ಪೈರು 'ಮಟಚಿ'ಯಿಂದ ಹಾಳಾಗಲು, ಉಷಸ್ತಿಯೆಂಬ ವಿದ್ವಾಂಸನು ಹಸಿವು ತಾಳಲಾರದೆ ಪರರ ಎಂಜಲು ಕಾಳನ್ನು ಬೇಡಿ ತಿಂದ ಕಥೆಯುಂಟು. ಆ ಪದಕ್ಕೆ ಪ್ರಾಚೀನ ಭಾಷ್ಯಕಾರರು ಸಿಡಿಲೆಂದೂ ಕಲ್ಲುಮಳೆಯೆಂದೂ ಅರ್ಥ ಹೇಳಿದರು. ಭಾಷಾವಿದ್ವಾಂಸರಾದರೋ ಕನ್ನಡದ 'ಮಿಡಿಚೆ' ಎಂಬ ಪದದ ನೆರವಿನಿಂದ ಅದು ಮಿಡತೆಯೇ ಇರಬೇಕೆಂದು ಕಂಡುಕೊಂಡರು.

ನಾವು ತಪ್ಪೆಂದು ತಿದ್ದಿದ ಮಾತು, ನಾವು ಕಲಿಸಹೊರಟ ಮಾತಿಗಿಂತ ಆ ಪ್ರಾಚೀನ ಪದಕ್ಕೆ ಹತ್ತಿರವಾಗಿತ್ತು! ಪಾಲಕರೇ, ಮನೆಯ ಮಾತನ್ನು ಮಕ್ಕಳ ಬಾಯಿಂದ ಬಿಡಿಸಬೇಡಿರಿ. ಇನ್ನು ಮೇಲೆ ನಾವೂ ಬಿಡಿಸೆವು.