ಪೊರೆಯ ಹೊರಗಣ ಹಿಮೋಗ್ಲೋಬಿನ್: ಕೃತಕ ರಕ್ತವನ್ನು ಕುರಿತ ಒಂದು ವಿವಾದದ ವಿಮರ್ಶೆ



ರೋಗಿಯ ಹಿತವೇ ವೈದ್ಯನ ಪ್ರಥಮ ಧರ್ಮವೆಂದು ನಂಬಿ ನಡೆದ ಹಿರಿಯ ವೈದ್ಯರೊಬ್ಬರ ನಾಮದಲ್ಲಿ ಸ್ಥಾಪಿತವಾದ ಈ ದತ್ತಿಯ ಉಪನ್ಯಾಸವನ್ನು ನನಗೆ ವಹಿಸಿಕೊಟ್ಟುದು ನನ್ನ ಪಾಲಿಗೆ ಒದಗಿದ ದೊಡ್ಡ ಗೌರವ. ರಕ್ತದ ಗುಂಪುಗಳು, ರಕ್ತನಿಧಿಯ ಕ್ರಮಗಳು, ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ ಅಣುವಿನ ರಚನೆಯನ್ನು ಬಿಡಿಸಿ ತೋರಿದ ವೃತ್ತಾಂತ, ಇವೆಲ್ಲ ಪಠ್ಯಗ್ರಂಥಗಳಲ್ಲಿ ಸುಲಭವಾಗಿ ದೊರೆಯುವುವಾದುದರಿಂದ ಅವುಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಶೈತ್ಯದಲ್ಲಿಟ್ಟರೂ ಸುಮಾರು ಆರು ವಾರಗಳಿಗೆ ಮೀರಿ ಬಾಳದ, ಗುಂಪು ಹೊಂದದಿದ್ದಲ್ಲಿ ಪ್ರಾಣಕ್ಕೇ ಎರವಾಗಬಲ್ಲ ಕೆಂಪುಕಣಗಳನ್ನು ಬಿಟ್ಟು, ಅವುಗಳೊಳಗಿನ ಹಿಮೋಗ್ಲೋಬಿನ್ನನ್ನು ಮಾತ್ರ ಶುದ್ಧಿಗೊಳಿಸಿ ನಾಳದಲ್ಲಿ ಹರಿಸುವ ಆಸೆ ಹಳೆಯದು. 1930ರ ದಶಕದಲ್ಲಿಯೇ ಅಮೆರಿಕದ ವಿಲಿಯಂ ಆಂಬರ್‌ಸನ್ ಬೆಕ್ಕುಗಳ ಮೇಲೆ ಇದನ್ನು ಪ್ರಯೋಗಿಸಿದ್ದನು. ಕಣದಿಂದ ಹೊರಬಿದ್ದ ಈ ನಾಲ್ಕು ಸರಪಳಿಗಳ ಅಣು ಎರಡು ಹೋಳಾಗಿ ಮೂತ್ರಪಿಂಡಗಳಲ್ಲಿ ಸೋಸಿಹೋಗಿ ಅವನ್ನು ಕೆಡಿಸುವುದೂ, ಕಣದೊಳಗಿನ 2,3-ಡಿಪಿಜಿ ಎಂಬ ವಸ್ತುವಿನ ನೆರವು ತಪ್ಪಿದುದರಿಂದ ಆಮ್ಲಜನಕವನ್ನು ಅಂಗಾಂಶಗಳಿಗೆ ಬಿಟ್ಟುಕೊಡದೆ ಬಿಗಿಹಿಡಿಯುವುದೂ ಮೊದಲ ಎರಡು ವಿಘ್ನಗಳಾಗಿದ್ದುವು. ಸರಪಳಿಗಳನ್ನು ರಾಸಾಯನಿಕವಾಗಿ ಬೆಸೆದು, ಅಣುಗಳನ್ನು ಒಂದಕ್ಕೊಂದು ಪೋಣಿಸಿ, ರಸಾಯನಜ್ಞರು ಇವೆರಡನ್ನೂ ಬಹುಮಟ್ಟಿಗೆ ಜಯಿಸಿದರು. ಜಯಿಸಲಾಗದೆ ಉಳಿದುದು ಮೂರನೆಯದು: ಇಂತಹ ದ್ರಾವಣವನ್ನು ಕೊಟ್ಟೊಡನೆ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡವು ಏರುವುದು. ಇದರ ಕಾರಣವನ್ನು ಕುರಿತ ವಿವಾದವೇ ಈ ಉಪನ್ಯಾಸದ ತಿರುಳು.

ಒಂದು ಪಕ್ಷದವರು, ನಾಳಗಳ ಒಳಪದರವು ನಾಳವನ್ನು ಸಡಿಲಿಸಲೆಂದು ಸ್ರವಿಸುವ ನೈಟ್ರಿಕ್ ಆಕ್ಸೈಡನ್ನು ಬಿಡಿ ಹಿಮೋಗ್ಲೋಬಿನ್ ಕಬಳಿಸಿಬಿಡುವುದೇ ಕಾರಣವೆನ್ನುತ್ತಾರೆ. ಮತ್ತೊಂದು ಪಕ್ಷದ ಧುರೀಣರಾದ ರಾಬರ್ಟ್ ವಿನ್ಸ್‌ಲೋ ಅವರು, ಬಿಡಿ ಹಿಮೋಗ್ಲೋಬಿನ್ ಕಿರಿಯ ಧಮನಿಗಳ ಭಿತ್ತಿಗೆ ಅವಶ್ಯಕತೆಗಿಂತ ಹೆಚ್ಚು ಆಮ್ಲಜನಕವನ್ನು ಒಯ್ಯುವುದರಿಂದ ದೇಹವೇ ಆತ್ಮನಿಯಂತ್ರಣಕ್ಕಾಗಿ ಅವನ್ನು ಬಿಗಿಮಾಡುವುದೆಂದು ವಾದಿಸಿ, ಆಮ್ಲಜನಕವನ್ನು ಬಲವಾಗಿ ಹಿಡಿದಿಡುವ, ಪಾಲಿಎಥಿಲೀನ್ ಗ್ಲೈಕಾಲಿನಿಂದ ಹೊದಿಸಿದ ಹೆಮೋಸ್ಪಾನ್ ಎಂಬ ದ್ರಾವಣವನ್ನು ರೂಪಿಸಿದರು. 1998ರಲ್ಲಿ ಇವರ ಬಳಗವು, ನೈಟ್ರಿಕ್ ಆಕ್ಸೈಡಿನೊಡನೆ ಸರಿಸುಮಾರು ಒಂದೇ ವೇಗದಿಂದ ಕೂಡುವ ಬೇರೆ ಬೇರೆ ದ್ರಾವಣಗಳು ಒತ್ತಡವನ್ನು ಬೇರೆ ಬೇರೆ ಪ್ರಮಾಣದಲ್ಲಿ ಏರಿಸುವುವೆಂದು ತೋರಿಸಿ, ಮೊದಲ ಪಕ್ಷಕ್ಕೆ ಬಲವಾದ ಪೆಟ್ಟನ್ನೇ ಕೊಟ್ಟಿತು.

ವಿನ್ಸ್‌ಲೋ ಅವರ ಪಾಂಡಿತ್ಯವನ್ನು ಗೌರವಿಸುತ್ತಲೇ, ಅವರ ತೀರ್ಮಾನವನ್ನು ನಾನು ಒಪ್ಪಲಾರೆನು. ಅವರು ಹೋಲಿಸಿದ ದ್ರಾವಣಗಳಲ್ಲಿ ಅಣುವಿನ ಗಾತ್ರ, ಸ್ನಿಗ್ಧತೆ, ಆಮ್ಲಜನಕದ ಮೇಲಣ ಹಿಡಿತ ಇವೆಲ್ಲವೂ ಏಕಕಾಲದಲ್ಲಿ ವ್ಯತ್ಯಾಸ ಹೊಂದಿದ್ದುವು. ದೊಡ್ಡ ಅಣು ನಾಳದ ಭಿತ್ತಿಯನ್ನು ದಾಟಿ ನೈಟ್ರಿಕ್ ಆಕ್ಸೈಡಿನ ನೆಲೆಗೆ ಸುಲಭವಾಗಿ ಸೇರಲಾರದು. ಸ್ನಿಗ್ಧವಾದ ದ್ರವ ಹರಿದಾಗ ಒಳಪದರವು ಘರ್ಷಣೆಯಿಂದ ಪ್ರಚೋದಿತವಾಗಿ ನೈಟ್ರಿಕ್ ಆಕ್ಸೈಡನ್ನು ಹೆಚ್ಚಾಗಿಯೇ ಸ್ರವಿಸುವುದು. ಹೀಗಿರಲು ಪರೀಕ್ಷಾನಳಿಕೆಯಲ್ಲಿ ಅಳೆದ ವೇಗವೊಂದನ್ನೇ ಮುಂದಿಟ್ಟುಕೊಂಡು ನೈಟ್ರಿಕ್ ಆಕ್ಸೈಡನ್ನು ನಿರಪರಾಧಿಯೆಂದು ಸಾರುವುದು ನ್ಯಾಯವಲ್ಲ. ಅದೇ 1998ರಲ್ಲಿ ಡೊಹರ್ಟಿ, ಜಾನ್ ಓಲ್ಸನ್ ಮೊದಲಾದವರು ಅಣುವಿನ ಒಳಗೂಡಿನ ಅಮೈನೋ ಆಮ್ಲಗಳನ್ನು ಬದಲಿಸಿ, ನೈಟ್ರಿಕ್ ಆಕ್ಸೈಡಿನೊಡನೆ ಕೂಡುವ ವೇಗವನ್ನೇ ತಗ್ಗಿಸಿ ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ, ವೇಗವು ತಗ್ಗಿದಂತೆಲ್ಲ ಒತ್ತಡದ ಏರಿಕೆಯೂ ತಗ್ಗಿತು. ಕಾರಣವೆಂದು ಶಂಕಿಸಿದುದನ್ನೇ ನೇರವಾಗಿ ಬದಲಿಸಿ ಪರಿಣಾಮವನ್ನು ನೋಡಿದ ಈ ಪ್ರಯೋಗದ ಸಾಕ್ಷ್ಯವೇ ಹೆಚ್ಚು ತೂಕವುಳ್ಳದ್ದೆಂದು ನನ್ನ ದೃಢವಾದ ಅಭಿಪ್ರಾಯ.

ಕೆಂಪುಕಣದೊಳಗೂ ಇದೇ ಹಿಮೋಗ್ಲೋಬಿನ್ ಇರುವುದಲ್ಲ, ಅದೇಕೆ ನಮ್ಮ ನಾಳಗಳನ್ನು ಬಿಗಿಯುವುದಿಲ್ಲವೆಂದು ಯಾರಾದರೂ ಕೇಳಿಯಾರು. ಹರಿಯುವ ರಕ್ತದಲ್ಲಿ ಕಣಗಳು ನಡುವಿಗೆ ಸರಿದು ಭಿತ್ತಿಯ ಪಕ್ಕದಲ್ಲಿ ಕಣರಹಿತವಾದ ಒಂದು ಅಂಚು ಉಳಿಯುವುದರಿಂದಲೂ, ಕಣದ ಪೊರೆ ಮತ್ತು ಅದನ್ನು ಸುತ್ತಿದ ದ್ರವದ ಪದರ ನೈಟ್ರಿಕ್ ಆಕ್ಸೈಡಿನ ಪ್ರವೇಶವನ್ನು ತಡೆಯುವುದರಿಂದಲೂ, ಕಣದೊಳಗೆ ಈ ಕಬಳಿಕೆ ನೂರಾರು ಪಟ್ಟು ಮಂದಗತಿಯದು. ಇಷ್ಟು ಬೆಲೆಯುಳ್ಳ ಪೊರೆಯನ್ನು ಗುಂಪಿನ ತೊಡಕು ತಪ್ಪಲೆಂದು ಕಿತ್ತೆಸೆದುದೇ ಮೂಲದೋಷ.

ಆ ದೋಷದ ಫಲವನ್ನು ರೋಗಿಗಳು ಉಂಡರು. ಬ್ಯಾಕ್ಸ್‌ಟರ್ ಸಂಸ್ಥೆಯ ಹೆಮ್‌ಅಸಿಸ್ಟ್ ಎಂಬ ಇಂತಹ ದ್ರಾವಣವನ್ನು ಪಡೆದ 52 ಗಾಯಾಳುಗಳಲ್ಲಿ 24 ಮಂದಿಯೂ, ಲವಣಜಲ ಪಡೆದ 46 ಮಂದಿಯಲ್ಲಿ 8 ಮಂದಿಯೂ 28 ದಿನಗಳೊಳಗೆ ತೀರಿಕೊಂಡರು. 2008ರಲ್ಲಿ ನಟಾನ್ಸನ್ ಮತ್ತು ಸಂಗಡಿಗರು ಐದು ದ್ರಾವಣಗಳ 16 ಪರೀಕ್ಷೆಗಳನ್ನು, 3,711 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಲಾಗಿ, ಮರಣದ ಅಪಾಯ 1.3 ಪಟ್ಟು, ಹೃದಯಾಘಾತದ ಅಪಾಯ 2.7 ಪಟ್ಟು ಎಂದು ಕಂಡುಬಂದಿತು. ಭಿನ್ನ ದ್ರಾವಣಗಳನ್ನು, ಭಿನ್ನ ರೋಗಿಗಳನ್ನು ಒಂದೇ ರಾಶಿಗೆ ಸುರಿದುದು ಸರಿಯಲ್ಲವೆಂಬ ಆಕ್ಷೇಪ ಕೂಡಲೆ ಎದ್ದಿತು. ದ್ರಾವಣಗಳು ಭಿನ್ನವೆಂಬುದು ನಿಜ. ಆದರೆ ಪೊರೆಯಿಲ್ಲದಿರುವಿಕೆ ಅವೆಲ್ಲಕ್ಕೂ ಸಮಾನವಾಗಿರುವಾಗ, ದೋಷವೂ ಸಮಾನವಾಗಿ ಕಂಡುದರಲ್ಲಿ ಅಸಂಗತವೇನಿದೆ?

ಪಾಲಿಹೀಮ್ ಎಂಬ ಮತ್ತೊಂದು ಹಿಮೋಗ್ಲೋಬಿನ್ ದ್ರಾವಣದ ಪರೀಕ್ಷೆಯ ವಿಷಯದಲ್ಲಿ ನನ್ನ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಗಾಯಾಳುಗಳನ್ನು ಆಸ್ಪತ್ರೆಗೆ ಒಯ್ಯುವಾಗ, ರಕ್ತ ಸಿಗದ ದಾರಿಯಲ್ಲಿ ಅದನ್ನು ಕೊಟ್ಟುದು ಒಪ್ಪತಕ್ಕ ಮಾತು. ರಕ್ತ ದೊರೆಯುವ ಆಸ್ಪತ್ರೆಯನ್ನು ಸೇರಿದ ಮೇಲೂ, ಸಮ್ಮತಿ ಕೊಡಲಾಗದ ಸ್ಥಿತಿಯಲ್ಲಿದ್ದ ಗಾಯಾಳುಗಳಿಗೆ ಅದನ್ನೇ 12 ಗಂಟೆಗಳವರೆಗೆ ಮುಂದುವರಿಸಿದುದು ಧರ್ಮವಲ್ಲ. ಈ ದತ್ತಿಯ ನಾಮಧೇಯರಂತಹ ವೈದ್ಯರು ಅದಕ್ಕೆ ಸಮ್ಮತಿಸುತ್ತಿರಲಿಲ್ಲವೆಂದು ನಂಬಿದ್ದೇನೆ.

ಹೀಮೋಪ್ಯೂರ್ ಎಂಬ ಹಿಮೋಗ್ಲೋಬಿನ್ ದ್ರಾವಣ 2001ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಅನುಮತಿ ಪಡೆದುದನ್ನೂ, ಧರ್ಮಶ್ರದ್ಧೆಯಿಂದ ರಕ್ತವನ್ನು ನಿರಾಕರಿಸುವ ಯೆಹೋವನ ಸಾಕ್ಷಿಗಳಲ್ಲಿ ಕೆಲವರಿಗೆ ಇಂತಹ ದ್ರಾವಣಗಳು ಒದಗಿದುದನ್ನೂ ನಾನು ಅಲ್ಲಗಳೆಯೆನು. ರಕ್ತವೇ ಇಲ್ಲದೆಡೆ ಅವುಗಳಿಗೆ ಸ್ಥಾನವುಂಟು, ರಕ್ತವಿರುವೆಡೆ ಇಲ್ಲ. ಮುಂದಿನ ಮಾರ್ಗವಾದರೋ, ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಚಾಂಗ್ 1957ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಆರಂಭಿಸಿದ ಕೃತಕ ಕಣದ ಮಾರ್ಗ; ಜಪಾನಿನ ನಾರಾದಲ್ಲಿ ಹಿಮೋಗ್ಲೋಬಿನ್ನನ್ನು ಮೇದಸ್ಸಿನ ಪೊರೆಯೊಳಗೆ ತುಂಬಿದ ಕಣಗಳನ್ನು ರೂಪಿಸಿದ್ದಾರೆ; ಮಾನವರ ಮೇಲೆ ಅವುಗಳ ಮೊದಲ ಪರೀಕ್ಷೆಯೂ ಜಪಾನಿನಲ್ಲಿ ನಡೆದಿದೆ. ಇಲ್ಲಿ ನೆರೆದಿರುವ ತರುಣರು ಈ ಕ್ಷೇತ್ರಕ್ಕೆ ಕಾಲಿಡುವುದಾದರೆ ಅಣುವನ್ನು ತಿದ್ದುವುದರ ಜೊತೆಗೆ ಪೊರೆಯನ್ನು ಕಟ್ಟುವ ವಿದ್ಯೆಯನ್ನೂ ಕಲಿಯಬೇಕೆಂದು ಪ್ರಾರ್ಥಿಸುತ್ತೇನೆ. ಅದು ಸಿದ್ಧಿಸುವವರೆಗೆ ರಕ್ತದಾನಿಯ ತೋಳಿಗೆ ಬದಲಿಯಿಲ್ಲ.